ಮೂರೂ ಮುಕ್ಕಾಲು

ಕುರ್ಲಾ ಸ್ಟೇಷನ್ನಿನ ಹೊರಗೆ ಏಳುನೂರಕ್ಕೆ ಕೊಂಡ ಗಡಿಯಾರ.
ಫೋನಿಗೆ ಜೋಡಿಸಿದರೆ ಸಾಕಂತೆ,
ಎಬ್ಬಿಸುವುದು ಅದರ ಪಾಡು.

ಬ್ಲೂಟೂತ್ ಒತ್ತಿದೆ. ಅಸಲ್ಫಾ ಗುಡ್ಡದ ನಮ್ಮ ಚಾಳು
ಇಡಿಯಾಗಿ ತೆರೆಯ ಮೇಲೆ ಬಂತು:
ಸಾಟಮರ ಟಿವಿ, ಯಾರದೋ ಇಯರ್‌ಫೋನು,
‘ಬಂಟಿ ಕಾ ಧಮಾಕಾ’ ಎಂಬ ಸ್ಪೀಕರು,
ಕೆಳಗೆ ಒಂದೇ ಹೆಸರಿನ ಎರಡು ಗಡಿಯಾರ.
ಮೇಲಿನದನ್ನು ಮುಟ್ಟಿದೆ.
ಜೋಡಿಸಲೇ? ಎಂದಿತು.
ಗೋತ್ರ ಕೇಳಲಿಲ್ಲ, ನಕ್ಷತ್ರ ಕೇಳಲಿಲ್ಲ,
ನಾಲ್ಕು ಸೊನ್ನೆ ಒತ್ತಿದೆ, ಕೂಡಿಬಂತು.

ಮೂರೂ ಮುಕ್ಕಾಲಕ್ಕೆ ಇಟ್ಟು ಮಲಗಿದೆ.
ಎದ್ದಾಗ ಐದೂವರೆ.
ಮಾಟುಂಗದ ಹೋಟೆಲಿನಲ್ಲಿ ಇಡ್ಲಿ ಹಿಟ್ಟು
ಉಕ್ಕಿ ಪಾತ್ರೆ ದಾಟಿತ್ತು,
ಸಾಹುಕಾರರ ನಾಲಗೆ ಅದಕ್ಕೂ ಮೀರಿ.
ಮರುದಿನವೂ ಹಾಗೇ. ಅದರ ಮರುದಿನವೂ.
ಫೋನು ಮಾತ್ರ ಆಣೆ ಹಾಕುತ್ತದೆ:
ಬಾರಿಸಿದ್ದೇನೆ, ಯಾರೋ ಆರಿಸಿದ್ದಾರೆ.

ಭಾನುವಾರ ಸಂಜೆ ಪಕ್ಕದ ಖೋಲಿಯ ಸುಲಭಾತಾಯಿ
ಬಾಗಿಲಲ್ಲಿ; ಕೈಯಲ್ಲಿ ನನ್ನದರ ಅವಳಿ.
ಆರಕ್ಕಿಟ್ಟರೂ ಮೂರೂ ಮುಕ್ಕಾಲಕ್ಕೇ ಕೂಗುತ್ತದೆ,
ಭೂತ ಹೊಕ್ಕಿದೆಯೋ ಏನೋ, ನೋಡಣ್ಣ.

ನೋಡಿದೆ.
ಭೂತ ನಾನೇ.

ಬೈಯಲಿಲ್ಲ. ಸ್ವಲ್ಪ ತಡೆದು ಹೇಳಿದಳು:
ಆ ಹೊತ್ತಿಗೆ ನಲ್ಲಿಯ ಹತ್ತಿರ ಯಾರೂ ಇರುವುದಿಲ್ಲ.
ನೀರು ಹೆಬ್ಬೆರಳ ದಪ್ಪಕ್ಕೆ ಬೀಳುತ್ತದೆ.
ಎಷ್ಟು ವರ್ಷಕ್ಕೆ ನಮ್ಮ ಡ್ರಮ್ಮು
ಕಂಠದವರೆಗೆ ತುಂಬಿದೆ ಗೊತ್ತಾ.

ಈಗ ನನ್ನದು ನನಗೇ ಕೂಗುತ್ತದೆ.
ಅವಳದನ್ನು ಬಿಡಿಸಲು ಹೋದರೆ
ಈ ಸಾಧನವನ್ನು ಮರೆಯಲೇ? ಎನ್ನುತ್ತದೆ ಫೋನು.
ಉತ್ತರ ಕೊಟ್ಟಿಲ್ಲ ಇನ್ನೂ.
ಗೋಡೆಯಾಚೆ ಬಕೆಟ್ಟು ನೆಲ ಕೆರೆಯುವಾಗ
ಈಚೆ ನಾನು ಕತ್ತಲಲ್ಲೇ
ಅಂಗಿಯ ಗುಂಡಿ ಹುಡುಕುತ್ತಿರುತ್ತೇನೆ.