ನೇಸರ ನಿಲುಗಡೆ

ಕಾರ್ನಾ ಊರಿನ ಕೊನೆಗೆ, ಕಡಲಿಗೆ ಬೆನ್ನು ಕೊಟ್ಟು
ಒಂದು ಕಬ್ಬಿಣದ ಕಂಬ. ಅದರ ತಗಡಿನ ಮೇಲೆ
ಐರಿಶ್ ನುಡಿಯಲ್ಲಿ ಎರಡೇ ಪದ: ಸ್ತಾದ್ ಬಸ್.
ಅಂದರೆ ನಿಲುಗಡೆ. ಮೂರೂವರೆಯ ಬಸ್ಸು
ಇನ್ನೂ ಬಂದಿಲ್ಲ. ಡಿಸೆಂಬರ್ ಇಪ್ಪತ್ತೊಂದು,
ಹೊತ್ತು ಆಗಲೇ ಚಾಪೆ ಹುಡುಕುತ್ತಿದೆ.

ಬಾರ್ಬ್ರಾಳ ಮೊಮ್ಮಗಳಿಗೆ ಕೈಗವಸು ಒಂದೇ,
ಇನ್ನೊಂದು ಶಾಲೆಯಲ್ಲೆಲ್ಲೋ ಕಳೆದಿದೆ.
'ಟೀಚರ್ ಬರೆಸಿದರು, ಗ್ರೀಯನ್‌ಸ್ತಾದ್.
ಗ್ರೀಯನ್ ಅಂದರೆ ಸೂರ್ಯ. ಸ್ತಾದ್ ಅಂದರೆ ಇದು.
ಹಾಗಾದರೆ ಸೂರ್ಯನ ಕಂಬ ಎಲ್ಲಿ, ಅಜ್ಜಿ?'

ಅಡುಗೆಮನೆಯಲ್ಲಿ, ಅಂದಳು ಬಾರ್ಬ್ರಾ.
ಪಡುವಣ ಕಿಟಕಿಯ ಚೌಕಟ್ಟು ನೋಡಿಲ್ಲವೇ?
ನನ್ನಪ್ಪ ದಿನಾ ಅದೇ ಮಣೆಯ ಮೇಲೆ ಕೂತು
ಒಂದು ಕಣ್ಣು ಮುಚ್ಚಿ, ಹೊತ್ತು ಮುಳುಗಿದ ಕಡೆ
ದೋಣಿಯ ಡಾಂಬರಿನಲ್ಲಿ ಬೊಟ್ಟಿಡುತ್ತಿದ್ದ.
ನವೆಂಬರಿನಲ್ಲಿ ಬೊಟ್ಟಿಗೂ ಬೊಟ್ಟಿಗೂ ಬೆರಳಗಲ,
ಎಡಕ್ಕೆ, ಎಡಕ್ಕೆ, ಆಮೇಲೆ ಉಗುರಗಲ,
ಕೂದಲೆಳೆ,
ಕಡೆಗೆ ನಾಕೈದು ಸಂಜೆ
ಬೊಟ್ಟಿನ ಮೇಲೇ ಬೊಟ್ಟು.
ಅಮ್ಮ ಮೂರು ಸಲ ಬಣ್ಣ ಬಳಿದಳು, ಬೈದಳು.
ಡಾಂಬರು ಮೂರು ಸಲವೂ ಮೇಲೆದ್ದು ಬಂತು.

ಪಾದ್ರಿ ಹೇಳಿದ್ದರು, ಲ್ಯಾಟಿನ್ನಿನಲ್ಲೂ ಹೀಗೇ:
ಸೋಲ್ ಎಂದರೆ ಸೂರ್ಯ, ಬಾಲಕ್ಕೆ ನಿಲ್ಲುವುದು.
(ನಮ್ಮ ಕಿವಿಗೆ ಅದು ಸೋಲು. ಅವರಿಗೆ ಬೆಳಕು.)
ರೋಮಿನವರ ಕಿಟಕಿಗೂ ಯಾರೋ ಮಸಿ ಬಳಿದಿರಬೇಕು.

ಅಪ್ಪ ಒಪ್ಪಲಿಲ್ಲ. ನಿಲ್ಲುವುದೆಲ್ಲಿಯದು?
ದೋಣಿ ತಿರುಗಿಸುವಾಗ ಹುಟ್ಟು ನೀರಿನಿಂದೆತ್ತಿ
ಒಂದುಸಿರು ಹಿಡಿಯುತ್ತೇವೆ ನೋಡು, ಅಷ್ಟೆ.
ದಡದಲ್ಲಿದ್ದವರಿಗೆ ನಿಂತ ಹಾಗೆ ಕಾಣುತ್ತದೆ.
ಪದ ಕಟ್ಟಿದವರು ದಡದವರು.

ಇಷ್ಟು ಹೇಳಿ ಬಾರ್ಬ್ರಾ ಕರವಸ್ತ್ರ ಮಡಿಸಿದಳು.
ಆ ಕೊನೆಯ ವರ್ಷ ಬೊಟ್ಟುಗಳು ಬಲಕ್ಕೆ ತಿರುಗಿ
ಫೆಬ್ರವರಿ ಒಂಬತ್ತರವರೆಗೆ ನಡೆದು
ಆಮೇಲೆ ಬರೀ ಮರವಾದದ್ದನ್ನು ಹೇಳಲಿಲ್ಲ.
ದೋಣಿ ಸಿಕ್ಕಿತು ಅನ್ನುವುದನ್ನೂ.

ಬಸ್ಸು ಬಂತು. ಮ್ಯಾಕ್‌ದಾರಾ ಇಂಜಿನ್ ಆರಿಸುವುದಿಲ್ಲ,
ನಿಂತಲ್ಲೇ ಗಡಗಡ ನಡುಗುತ್ತದೆ ಅವನ ಗಾಡಿ.
'ನಾಳೆಯಿಂದ ಹಗಲು ಹುಂಜದ ಹೆಜ್ಜೆಯಷ್ಟು ಉದ್ದ,
ಅಲ್ಲವಾ ಬಾರ್ಬ್ರಾ?' ಇಲ್ಲಿ ಎಲ್ಲರೂ ಅನ್ನುವ ಮಾತು.
'ನಿನ್ನ ಬಸ್ಸಿಗೂ ಹೇಳು ಅದನ್ನ,' ಅಂದಳು ಆಕೆ.

ಹುಡುಗಿ ಕಿಟಕಿ ಹಿಡಿದು, ಒಂದು ಕಣ್ಣು ಮುಚ್ಚಿ
ಬರಿಯ ಬೆರಳಿನಿಂದ ಮಂಜುಗಟ್ಟಿದ ಗಾಜಿನ ಮೇಲೆ
ಸೂರ್ಯನಿಗೊಂದು ಬೊಟ್ಟಿಟ್ಟಳು.
ಬಸ್ಸು ತಿರುವು ತೆಗೆದುಕೊಂಡಿತು.
ಬೊಟ್ಟು ಅಲ್ಲೇ. ಸೂರ್ಯ ಜಾರಿ
ಹಿಂದಿನ ಸೀಟಿನವರ ಕಿಟಕಿಗೆ ಹೋಯಿತು.