ಹನ್ನೊಂದು ನಿಮಿಷದ ನೆಂಟ

ಬೈತಖೋಲ ಬಂದರಿನ ಹರಾಜು ಕಟ್ಟೆಯ ಮೇಲೆ
ಮಾಳಿಗೆಯಲ್ಲೊಂದು ಕೋಣೆ, ಕಿಟಕಿಗೆ ಗೋಣಿ.
ಎಸಿಯ ಕೊಳವೆಗೆ ಉಪ್ಪು ಹಿಡಿದು
ಹದಿನೈದು ದಿನಕ್ಕೊಮ್ಮೆ ಕೆಮ್ಮುತ್ತದೆ.
ಅಲ್ಲೊಂದು ಕಬ್ಬಿಣದ ಪೆಟ್ಟಿಗೆ,
ಒಂದೇ ಹೊಟ್ಟೆಯಲ್ಲಿ ಮೂರು ಸಂಸಾರ:
ಡೀಸೆಲ್ ಲೆಕ್ಕದ್ದು, ಐಸ್ ಫ್ಯಾಕ್ಟರಿಯದ್ದು,
ದೋಣಿ ಬಂದ ಹೊತ್ತು ಬರೆದಿಡುವುದು.

ಮೂರನೆಯದರ ಮೇಲೇ ದೂರು.

ದಾಕು ತಾಂಡೇಲರು ಮೆಟ್ಟಿಲ ಬುಡದಲ್ಲೇ ಹಿಡಿದರು.
ಕೈಯಲ್ಲಿ ಎರಡು ಚೀಟಿ, ಎರಡಕ್ಕೂ ಬಂಗುಡೆಯ ಹೊಳಪು.
"ನಾನು ದಕ್ಕೆಗೆ ಹಗ್ಗ ಎಸೆದದ್ದು ಹತ್ತೂ ನಲವತ್ತಕ್ಕೆ.
ಇದರಲ್ಲಿ ಹತ್ತೂ ಇಪ್ಪತ್ತೊಂಬತ್ತು!
ಐಸ್ ಚೀಟಿ ನೋಡು, ಹತ್ತೂ ನಲವತ್ತೆರಡು.
ನಡುವೆ ಹದಿಮೂರು ನಿಮಿಷ
ನನ್ನ ಮೀನು ಬಿಸಿಲು ತಿಂದಿತಂತೆ.
ಬುಟ್ಟಿಗೆ ನಲವತ್ತು ರೂಪಾಯಿ ಮುರಿದರು, ತಂಗಿ."

ಮೇಲೆ ಹೋಗಿ ಪರದೆ ಎಬ್ಬಿಸಿದೆ.
ಮೌಸಿನ ಬಾಣ ಕೆಸರಲ್ಲಿ ಕಾಲೆಳೆದಂತೆ ಬಂತು.
ಪಾಪ, ತಾನು ನೆಂಟನೆಂದೇ ಇದಕ್ಕೆ ಗೊತ್ತಿಲ್ಲ.
ಈ ಡಿಸ್ಕು ತನ್ನದು, ಈ ಫ್ಯಾನಿನ ಸದ್ದು ತನ್ನ ಉಸಿರು,
ಹೊತ್ತೂ ತನ್ನದೇ ಎಂದುಕೊಂಡಿದೆ.
ಮನೆಯ ಯಜಮಾನ ಹೊರಗಿನಿಂದ ಕರೆದರೆ ಓಗೊಡದು.
ವಿಳಾಸ ಕೇಳಿದರೆ: ತಿಳಿದಿಲ್ಲ.
ಮಲಗು ಅಂದರೆ ಮಲಗದು;
ಕರೆಂಟು ಕಿತ್ತೇ ಮಲಗಿಸಬೇಕು,
ಅರ್ಧ ಬರೆದ ಸಾಲು ಬಾಯಲ್ಲಿದ್ದಂತೆಯೇ.

ಯಾವ ಪುಣ್ಯಾತ್ಮ ಇದನ್ನು ಹೂಡಿ
ಗೆಸ್ಟ್ ಟೂಲ್ಸ್ ಹಾಕದೆ ಎದ್ದುಹೋದನೋ ಎಂದು
ಹಳೆಯ ಲಾಗ್ ತೆರೆದು ಬೈಯುತ್ತ ಕೆಳಗಿಳಿದೆ.
ಮೂರು ವರ್ಷದ ಕೆಳಗೆ, ಒಂದು ಶನಿವಾರ,
ಸಂಜೆ ಆರೂ ಐದು.
ಹೆಸರು: ಸುಲಕ್ಷಾ ಪಡ್ತಿ.

ಆರೂ ಕಾಲಿಗೆ ಅಂಕೋಲೆಯ ಬಸ್ಸಿತ್ತು.
ಬಸ್ಸು ಸಿಕ್ಕಿದ್ದೂ ನೆನಪಿದೆ.

ಸರಿ.
ಇಲ್ಲದ ಡ್ರೈವಿಗೆ ಇಲ್ಲದ ಸಿಡಿ ತುರುಕಿದೆ.
ಮೌಂಟ್ ಅಂದೆ. ಓದಬಹುದು, ಬರೆಯುವಂತಿಲ್ಲ ಅಂತು.
ಬರೆಯಲು ಬಂದವಳಲ್ಲ ಮಾರಾಯ ನಾನು.
ಇನ್‌ಸ್ಟಾಲ್ ಅಂದೆ. ಒಪ್ಪಿಗೆಯೇ ಅಂತು.
ವೈ ಒತ್ತಿದೆ, ಎರಡು ಸಲ, ಗಾಬರಿಗೆ.
ಮರುಚಾಲೂ.

ಕಪ್ಪು ಪರದೆ ನಲವತ್ತು ಸೆಕೆಂಡು.
ಕೆಳಗೆ ಹರಾಜಿನವನ ಕೂಗು ನಡುವೆಯೇ ನಿಂತಿತು.
ಕಾಗೆಗಳ ಸದ್ದು ಆಗಲೇ ಕೇಳಿದ್ದು,
ಅಲ್ಲಿಯತನಕ ಇರಲಿಲ್ಲವೆಂಬಂತೆ.

ಆಮೇಲೆ ಎದ್ದಿತು. ಎದ್ದು, ಮೊದಲ ಬಾರಿಗೆ,
ತಾನಿರುವುದು ಯಾರ ಮನೆಯಲ್ಲೆಂದು ಕೇಳಿ ತಿಳಿದಂತೆ
ವಿಳಾಸ ಹೇಳಿತು.
ಬೇಡದ ಮೆಮರಿ ಸಡಿಲಿಸಿ ಪಕ್ಕದವರಿಗೆ ಬಿಟ್ಟಿತು,
ಭರತಿ ಇಳಿದಾಗ ಕಾಳಿಯ ಬಾಯಲ್ಲಿ ಮರಳು ತೆರೆಯುವ ಹಾಗೆ.
ಹೊತ್ತು ಕೇಳಿತು, ಕೊಟ್ಟೆ.
ಲಾಗಿನಲ್ಲಿ ಒಂದು ಸಾಲಿನಿಂದ ಮುಂದಿನ ಸಾಲಿಗೆ
ಹನ್ನೊಂದು ನಿಮಿಷ ಒಮ್ಮೆಲೇ ಹಾರಿತು,
ದಕ್ಕೆಯಿಂದ ದೋಣಿಗೆ ಹಾರುವ ಹುಡುಗ
ಕೆಳಗಿನ ನೀರು ನೋಡದ ಹಾಗೆ.

ಇಳಿದು ಬಂದು ಹೇಳಿದೆ: ತಪ್ಪು ಯಂತ್ರದ್ದಲ್ಲ, ನನ್ನದು.

ತಾಂಡೇಲರು ಚೀಟಿ ಮಡಚಿದರು, ಬಿಚ್ಚಿದರು.
"ಹೊಸ ಆಳು ದೋಣಿ ಹತ್ತಿದರೆ
ಗಾಳಿ ಯಾವ ಕಡೆಯದು ಅಂತ ಮೊದಲು ತೋರಿಸ್ತೇವೆ.
ಬಲೆ ಆಮೇಲೆ.
ಅಷ್ಟೂ ಗೊತ್ತಿಲ್ಲವಾ ನಿಮಗೆ?"
ಸ್ವಲ್ಪ ತಡೆದು, ದನಿ ಇಳಿಸಿ:
"ಉಳಿದ ಎರಡು ನಿಮಿಷ ಮಾತ್ರ ನನ್ನದೇ.
ಬೀಡಿ ಹಚ್ಚಿದ್ದೆ."

ನಗಬೇಕೆನಿಸಿತು, ನಗಲಿಲ್ಲ.
ಗುಮಾಸ್ತೆ ತಿದ್ದಿದ ಚೀಟಿಗೆ ಸಹಿ ಹಾಕಿಸಿಕೊಂಡ.
ಇವತ್ತಿನ ಅರವತ್ತೆರಡು ಬುಟ್ಟಿಯ ದುಡ್ಡು ತಿರುಗಿ ಬರುತ್ತದೆ.
ಆದರೆ ಗಡಿಯಾರ ಒಂದೇ ದಿನದಲ್ಲಿ ಹಿಂದೆ ಬೀಳುವುದಿಲ್ಲ;
ಮೂರು ವರ್ಷ, ದಿನಕ್ಕೆ ಅರೆ ಸೆಕೆಂಡು, ಮುಕ್ಕಾಲು ಸೆಕೆಂಡು,
ಯಾರ ಬುಟ್ಟಿಯಿಂದ ಎಷ್ಟು ಸೋರಿತೋ.

ಇವತ್ತೂ ಆರೂ ಕಾಲಿಗೆ ಬಸ್ಸಿದೆ.
ಹಳೆಯ ಚೀಟಿಗಳ ಕಟ್ಟು ಎಲ್ಲಿ ಎಂದು
ಗುಮಾಸ್ತೆಯನ್ನು ಕೇಳಿದೆ.