ಬಿರಡೆ ಲೆಕ್ಕ

ಫೈರಾ ಊರಿನ ಕಾರ್ಮಿಕ ನ್ಯಾಯಾಲಯದಲ್ಲಿ
ಬೆರಳುಗಳಿಗೆ ಒಂದು ದರಪಟ್ಟಿ ಇದೆ, ಎರ್ಮೆಲಿಂಡಾ.
ತೋರುಬೆರಳಿನ ಮೊದಲ ಗೆಣ್ಣಿಗೆ ಇಷ್ಟು,
ಎರಡನೆಯದಕ್ಕೆ ಇಷ್ಟು,
ಬಲಗೈಯಾದರೆ ಒಂದಿಷ್ಟು ಹೆಚ್ಚು.
ಗುಮಾಸ್ತ ಪುಟ ತಿರುವಿದ
ಉಗುಳು ಹಚ್ಚಿದ ತನ್ನ ತೋರುಬೆರಳಿನಿಂದಲೇ.
ನೀನು ಅದನ್ನೇ ನೋಡುತ್ತಿದ್ದೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ.
ಇಲ್ಲಿ ಬೇಕು:
ಮೂರು ಎಕ್ಸ್‌ರೇ, ಆಸ್ಪತ್ರೆಯ ಚೀಟಿ,
ಹನ್ನೆರಡು ತಿಂಗಳ ಸಂಬಳದ ರಸೀದಿ,
ವಿಮೆಯವರ ಡಾಕ್ಟರು ಒಬ್ಬ, ಸರ್ಕಾರದವಳು ಒಬ್ಬಳು.
ಸರದಿಯಲ್ಲಿ ನಿನ್ನ ಕೈ ಹಿಡಿದು
ಮಡಿಸು ಎಂದರು, ಬಿಡಿಸು ಎಂದರು,
ಇಲ್ಲದ ಬೆರಳು ನೋಯುತ್ತದೆಯೇ ಎಂದರು.
"ಮಳೆ ಬರುವ ಹಿಂದಿನ ರಾತ್ರಿ ಮಾತ್ರ."
ಆ ಉತ್ತರಕ್ಕೆ ನಮೂನೆಯಲ್ಲಿ ಖಾನೆ ಇರಲಿಲ್ಲ.

ನಾನು ಸಾಕ್ಷಿ. ನಿನ್ನ ಪಕ್ಕದ ಯಂತ್ರದವಳು.
ಹೊರಗೆ ಬೆಂಚಿನ ಮೇಲೆ ಕೂತು
ಖಾಲಿ ಕೈಗಳನ್ನು ಏನು ಮಾಡಬೇಕೋ ತೋಚದೆ
ಕೆಲಸವನ್ನೇ ಮನಸ್ಸಿನಲ್ಲಿ ಮಾಡುತ್ತಿದ್ದೆ:
ಬೆಂಡಿನ ಪಟ್ಟಿಯನ್ನು ಬೈರಿಗೆಯ ಬಾಯಿಗೆ ಕೊಡುವುದು,
ಎಳೆಯುವುದು, ಕೊಡುವುದು, ಎಳೆಯುವುದು,
ಒಂದೊಂದು ಸಲಕ್ಕೂ ಒಂದು ಬಿರಡೆ
ಬುಟ್ಟಿಗೆ ಬೀಳುವುದು, ಬೆಚ್ಚಗೆ,
ಈಗಷ್ಟೇ ಇಟ್ಟ ಮೊಟ್ಟೆಯ ಹಾಗೆ.
ದಿನಕ್ಕೆ ಹದಿನೆಂಟು ಸಾವಿರ.

ಮರವಾದರೆ ಒಂಬತ್ತು ವರ್ಷಕ್ಕೊಮ್ಮೆ ಸಿಪ್ಪೆ ಕೊಟ್ಟು
ಮತ್ತೆ ಬೆಳೆಸಿಕೊಳ್ಳುತ್ತದೆ.
ಸುಲಿದ ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ
ಒಂದು ಅಂಕಿ ಬರೆದು ಹೋಗುತ್ತಾರೆ,
ಯಾವಾಗ ಮರಳಿ ಬರಬೇಕೆಂದು ಮರೆಯದ ಹಾಗೆ.
ನಿನ್ನ ಕಡತದ ಮೇಲೂ ಒಂದು ಅಂಕಿ ಇದೆ.
ನಾವು ದುಡಿದು ಬೆಂಡಾದವರು.
ಬೆಂಡಿನ ಧೂಳು ಕುಡಿದವರಷ್ಟೇ
ಈ ಮಾತನ್ನು ನಗದೆ ಹೇಳಬಲ್ಲರು.

ಮೇಸ್ತ್ರಿ ಅಬೀಲಿಯು ಮೊದಲ ವಾರವೇ ಹಾಳೆ ತಂದಿದ್ದ:
ಯಂತ್ರಕ್ಕೆ ಕಾಪು ಇತ್ತು, ಕೆಲಸದವಳು ತಾನೇ ಬಿಚ್ಚಿದಳು.
ರುಜು ಹಾಕಿದೆ.
ಸುಳ್ಳಲ್ಲವಲ್ಲ, ಅದೇ ಕಷ್ಟ.
ಕಾಪು ಇತ್ತು, ಹಳದಿ ತಗಡು, ಎರಡು ತಿರುಪು ಮೊಳೆ.
ಅದಿದ್ದರೆ ಲೆಕ್ಕ ಹನ್ನೊಂದು ಸಾವಿರ ದಾಟದು,
ದಾಟದವಳು ಶನಿವಾರವೂ ಬರಬೇಕು.
ಮೇಸ್ತ್ರಿಗೆ ಗೊತ್ತು, ಧಣಿಗೆ ಗೊತ್ತು,
ತಪಾಸಣೆಯವರು ಬರುವ ದಿನವೂ ಮೊದಲೇ ಗೊತ್ತು:
ಆ ಬೆಳಿಗ್ಗೆ ಸಾಲಿಗೆ ಸಾಲೇ ಹಳದಿ.

ನೀನು ಸೇರಿದ ಎರಡನೆಯ ದಿನ
ಬಿಚ್ಚುವುದು ಹೇಗೆಂದು ಹೇಳಿಕೊಟ್ಟವಳು ನಾನು.
ಸ್ಕ್ರೂಡ್ರೈವರ್ ಯಾಕೆ ಹುಡುಗಿ,
ಐವತ್ತು ಸೆಂಟಿನ ನಾಣ್ಯ ಸಾಕು,
ನೋಡು, ಹೀಗೆ, ಎಡಕ್ಕೆ.
ಮಗಳಿಗೆ ಜಡೆ ಹೆಣೆಯಲು ಕಲಿಸಿದಷ್ಟು
ಅಕ್ಕರೆಯಿಂದ ಕಲಿಸಿದ್ದೆ.

ಒಳಗಿಂದ ನನ್ನ ಹೆಸರು ಕೂಗಿದರು, ಅರ್ಧ ತಪ್ಪಾಗಿ.
ನ್ಯಾಯಾಧೀಶೆಗೆ ನೆಗಡಿ.
"ರಕ್ಷಣಾ ಕವಚ ತೆಗೆದವರು ಯಾರು?"
ನಿನ್ನ ವಕೀಲ ಹೇಳಿಕೊಟ್ಟದ್ದು ನಾಲಿಗೆಯ ತುದಿಯಲ್ಲೇ ಇತ್ತು:
ನನಗೆ ತಿಳಿಯದು.
ಪರ್ಸು ತೆರೆದೆ. ಚಿಲ್ಲರೆ ತಡಕಿದೆ, ಬಹಳ ಹೊತ್ತು,
ಅಂಗಡಿಯಲ್ಲಿ ಹಿಂದಿನವರು ಗೊಣಗುವಷ್ಟು ಹೊತ್ತು.
ನಾಣ್ಯವನ್ನು ಮೇಜಿನ ಮೇಲಿಟ್ಟೆ.
ಹದಿನಾಲ್ಕು ಯಂತ್ರ, ಅಮ್ಮಾ, ಹದಿನಾಲ್ಕೂ. ಇದರಿಂದ.
ಅವಳಿಗೆ ಕಲಿಸಿದ್ದು ನಾನು.
ನನಗೆ ಕಲಿಸಿದ್ದು ಅಗೋ, ಅಲ್ಲಿ ಕೂತಿದ್ದಾನೆ.

ಅಬೀಲಿಯು ತನ್ನ ಬೂಟು ನೋಡಿಕೊಂಡ.
ವಿಮೆಯ ವಕೀಲ ಏನನ್ನೋ ಬರೆದುಕೊಂಡ.
ನಿನಗೆ ಒಳಿತಾಯಿತೋ ಕೆಡುಕಾಯಿತೋ ಇನ್ನೂ ತಿಳಿಯದು.
ನನ್ನ ಕೆಲಸದ ಮಾತು ಸೋಮವಾರ ತಿಳಿಯುತ್ತದೆ.

ಬಸ್ಸಿನಲ್ಲಿ ಲೊರೋಜಾ ತಿರುವಿನವರೆಗೂ
ನೀನು ಬಾಯಿ ಬಿಡಲಿಲ್ಲ.
ನನಗೂ ಕ್ಷಮೆ ಕೇಳುವ ಧೈರ್ಯ ಇರಲಿಲ್ಲ,
ಅದಕ್ಕೆ ಯಾವ ಪಟ್ಟಿಯಲ್ಲಿ ಯಾವ ದರವೋ.
ಆಮೇಲೆ ಕೇಳಿದೆ ನೀನು:
"ಆ ನಾಣ್ಯ ವಾಪಸ್ ತಗೊಂಡೆಯಾ?"
ಇಲ್ಲ. ಮರೆತೆ.
"ಐವತ್ತು ಸೆಂಟು!" ಎಂದು ತಲೆಯಾಡಿಸುತ್ತಾ
ಟಿಕೆಟ್ಟನ್ನು ಹೆಬ್ಬೆರಳು ನಡುಬೆರಳ ನಡುವೆ ಹಿಡಿದು
ಕಿಟಕಿಯ ಬೆಳಕಿಗೆ ತಿರುಗಿಸಿದೆ,
ಬಿರಡೆಯಲ್ಲಿ ತೂತು ಹುಡುಕುವ ಹಾಗೆ.